ಹೊಟ್ಟೆಯ ನೆಮ್ಮದಿಯೂ ಮನದ ನೆಮ್ಮದಿಯೂ

ಕನ್ನಡ ಜನರ ಮಾತಿನಲ್ಲಿ ಹೊಟ್ಟೆಗೂ ಕರುಳಿಗೂ ದೊರೆತಿರುವ ಸ್ಥಾನ ಅಸಾಧಾರಣವಾದುದು. ಪರರ ಏಳಿಗೆಯನ್ನು ಕಂಡು ಸಹಿಸಲಾರದವನದು ಹೊಟ್ಟೆಕಿಚ್ಚು. ಹೆತ್ತವರಿಗೆ ಮಕ್ಕಳು ಕರುಳಿನ ಕುಡಿಗಳು. ಅಗಲಿಕೆಯ ದುಃಖ ಕರುಳನ್ನು ಹಿಂಡುತ್ತದೆ. ಒಳ್ಳೆಯ ಸುದ್ದಿ ಬಂದರೆ ಹೊಟ್ಟೆ ತಣ್ಣಗಾಗುತ್ತದೆ. ತಪ್ಪು ಮಾಡಿದವನು ಹಿರಿಯರ ಮುಂದೆ ನಿಂತು 'ಹೊಟ್ಟೆಗೆ ಹಾಕಿಕೊಳ್ಳಿ' ಎಂದು ಬೇಡುತ್ತಾನೆ. ಮನಸ್ಸಿನ ಸುಖದುಃಖಗಳು ಉದರದಲ್ಲಿಯೂ ನೆಲೆಸುತ್ತವೆಂಬುದನ್ನು ನಮ್ಮ ಪೂರ್ವಿಕರು ಅನುಭವದಿಂದಲೇ ಅರಿತಿದ್ದರೆಂಬುದಕ್ಕೆ ಈ ನುಡಿಗಟ್ಟುಗಳೇ ಸಾಕ್ಷಿ.

ಆದರೆ ನುಡಿಯಲ್ಲಿ ಉಳಿದ ಈ ಅರಿವು ನಡೆಯಲ್ಲಿ ಉಳಿದಂತೆ ಕಾಣುವುದಿಲ್ಲ. ಇಂದು ಹೊಟ್ಟೆಯ ಆರೋಗ್ಯವೆಂದೊಡನೆ ನೆನಪಿಗೆ ಬರುವುದು ಅಜೀರ್ಣದ ಚೂರ್ಣ, ಮಲಬದ್ಧತೆಯ ಗುಳಿಗೆ, ಎದೆಯುರಿಯ ಮಾತ್ರೆ. ಅದು ಅವರವರ ಗುಟ್ಟಿನ ಸಂಗತಿ, ಅವರವರೇ ಔಷಧಿಯಂಗಡಿಗೆ ಹೋಗಿ ಪರಿಹರಿಸಿಕೊಳ್ಳಬೇಕಾದ ತೊಂದರೆ ಎಂಬ ಭಾವನೆ ಬೇರೂರಿದೆ. ಉದರವು ಮನಸ್ಸನ್ನೂ ಮನಸ್ಸು ಉದರವನ್ನೂ ಹೇಗೆ ಬಾಧಿಸುತ್ತವೆ, ಹಾಗಿದ್ದ ಮೇಲೆ ಸದ್ಭಕ್ತರ ಮನೆಯಲ್ಲಿ ಊಟದ ಪದ್ಧತಿ ಹೇಗಿರಬೇಕು ಎಂಬುದನ್ನು ಈ ತಿಂಗಳು ವಿಚಾರ ಮಾಡಬಯಸುತ್ತೇವೆ. ಹೊಟ್ಟೆಯ ನೆಮ್ಮದಿ ಒಬ್ಬೊಬ್ಬರ ಖಾಸಗಿ ಸಂಗತಿಯಲ್ಲ, ಇಡೀ ಮನೆಯ ಹೊಣೆ ಎಂಬುದೇ ನಮ್ಮ ಅಭಿಪ್ರಾಯದ ಸಾರ.

ಮೊದಲು ಶರೀರದ ರಚನೆಯನ್ನು ನೋಡೋಣ. ನಾವು ನುಂಗಿದ ತುತ್ತು ಸಾಗುವ ದಾರಿ ಬಲು ದೀರ್ಘವಾದುದು. ಸಣ್ಣ ಕರುಳೊಂದೇ ಸುಮಾರು 20 ಅಡಿ ಉದ್ದ. ದೊಡ್ಡ ಕರುಳು ಸುಮಾರು 5 ಅಡಿ. ಈ ದಾರಿಯ ಗೋಡೆಯೊಳಗೆ ಅನ್ನನಾಳದಿಂದ ಗುದದವರೆಗೆ ನರಕೋಶಗಳ ಜಾಲವೊಂದು ಹೆಣೆದುಕೊಂಡಿದೆ. ಅವುಗಳ ಸಂಖ್ಯೆ 10 ಕೋಟಿಗೂ ಹೆಚ್ಚೆಂದು ಅಂದಾಜು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಲ್ಯಾಂಗ್ಲಿಯವರು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಈ ಜಾಲವನ್ನು ನರಮಂಡಲದ ಒಂದು ಪ್ರತ್ಯೇಕ ವಿಭಾಗವೆಂದು ಗುರುತಿಸಿದ್ದರು. ಅಮೆರಿಕದ ವೈದ್ಯವಿಜ್ಞಾನಿ ಮೈಕೇಲ್ ಗರ್ಶನ್ ಅವರು 1998ರಲ್ಲಿ ಇದರ ಕುರಿತು ಬರೆದ ಪುಸ್ತಕಕ್ಕೆ ಕೊಟ್ಟ ಹೆಸರಿನ ಅರ್ಥ 'ಎರಡನೆಯ ಮೆದುಳು'. ಮೆದುಳಿನ ಅಪ್ಪಣೆಗೆ ಕಾಯದೆ ಕರುಳು ತನ್ನ ಕಾಯಕವನ್ನು ಬಹುಮಟ್ಟಿಗೆ ತಾನೇ ನಡೆಸಿಕೊಳ್ಳಬಲ್ಲದು ಎಂಬುದು ಈ ಹೆಸರಿನ ತಾತ್ಪರ್ಯ.

ಹಾಗೆಂದು ಮೇಲಿನ ಮೆದುಳಿಗೂ ಉದರಕ್ಕೂ ಸಂಬಂಧ ತಪ್ಪಿದೆಯೆಂದಲ್ಲ. ವೇಗಸ್ ಎಂಬ ಹೆಸರಿನ ದೊಡ್ಡ ನರವೊಂದು ಮೆದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶಗಳನ್ನು ಮುಟ್ಟಿ ಜಠರಕ್ಕೂ ಕರುಳಿಗೂ ಇಳಿಯುತ್ತದೆ. ಇದರಲ್ಲಿ ಮೇಲಿನಿಂದ ಕೆಳಕ್ಕೆ ಆಜ್ಞೆಗಳು ಹರಿಯುತ್ತವೆಂದೇ ಬಹುಕಾಲ ತಿಳಿಯಲಾಗಿತ್ತು. ಆದರೆ ಅದರ ಎಳೆಗಳಲ್ಲಿ ಶೇಕಡ 80ರಷ್ಟು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಮೆದುಳು ಉದರಕ್ಕೆ ಹೇಳುವುದಕ್ಕಿಂತ ಉದರವು ಮೆದುಳಿಗೆ ಹೇಳುವುದೇ ಹೆಚ್ಚು. ಕೆಳಗೆ ಅಶಾಂತಿ ಇರುವಾಗ ಮೇಲೆ ಶಾಂತಿ ನೆಲೆಸುವುದು ಕಷ್ಟವೆಂಬುದಕ್ಕೆ ಇದೊಂದು ಕಾರಣ.

ಮನಸ್ಸಿನ ಕ್ಷೋಭೆ ಜಠರವನ್ನು ಹೇಗೆ ಕೆಡಿಸುತ್ತದೆಂಬುದನ್ನು ಕಣ್ಣಾರೆ ಕಂಡ ಪ್ರಸಂಗವೊಂದು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆಲಸಗಾರನಿಗೆ ಅಕಸ್ಮಾತ್ ಗುಂಡು ತಗುಲಿತು. ಸೇನೆಯ ವೈದ್ಯರಾದ ವಿಲಿಯಂ ಬೋಮಾಂಟ್ ಅವರ ಚಿಕಿತ್ಸೆಯಿಂದ ಅವನು ಬದುಕಿಕೊಂಡನಾದರೂ ಹೊಟ್ಟೆಯ ಗಾಯ ಪೂರ್ತಿಯಾಗಿ ಮುಚ್ಚಲಿಲ್ಲ. ಜಠರದೊಳಕ್ಕೆ ಒಂದು ರಂಧ್ರ ಉಳಿದುಬಿಟ್ಟಿತು. ಬೋಮಾಂಟ್ ಅವರು ಆಹಾರದ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿನಲ್ಲಿ ಕರಗುವುದೆಂದು ವರ್ಷಗಟ್ಟಲೆ ಪರೀಕ್ಷಿಸಿದರು. 1833ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಮನುಷ್ಯನು ಸಿಟ್ಟಿಗೆದ್ದಾಗ ಅವನ ಜಠರದ ಒಳಪದರದ ಸ್ಥಿತಿಯೇ ಬದಲಾಗಿ ಜೀರ್ಣಕ್ರಿಯೆ ವ್ಯತ್ಯಯಗೊಳ್ಳುತ್ತಿತ್ತು.

ನಮ್ಮ ನೆಲದ ಆಯುರ್ವೇದಾಚಾರ್ಯರು ಇದೇ ಮಾತನ್ನು ಅದಕ್ಕಿಂತ ಶತಮಾನಗಳ ಹಿಂದೆ ಹೇಳಿದ್ದರು. ಹಿತವಾದ ಆಹಾರವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ ಮತ್ತು ರಾತ್ರಿಯ ಜಾಗರಣೆಗಳಿಂದ ಅದು ಜೀರ್ಣವಾಗದೆಂಬ ಅಭಿಪ್ರಾಯ ಚರಕಸಂಹಿತೆಯಲ್ಲಿದೆ. ಅದೇ ಸಂಹಿತೆಯ ಒಂದು ಅಧ್ಯಾಯದಲ್ಲಿ ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ ಮೊದಲಾದ 13 ಶಾರೀರಿಕ ವೇಗಗಳನ್ನು ತಡೆಯಬಾರದೆಂದು ವಿಧಿಸಲಾಗಿದೆ. ಮುಂದುವರಿದು, ತಡೆಯಲೇಬೇಕಾದ ವೇಗಗಳೂ ಉಂಟೆಂದು ತಿಳಿಸಿ ಲೋಭ, ಶೋಕ, ಭಯ, ಕ್ರೋಧಗಳನ್ನು ಹೆಸರಿಸಲಾಗಿದೆ. ದೇಹದ ಕರೆಯನ್ನು ತಡೆಯದಿರು, ಮನದ ಉದ್ವೇಗವನ್ನು ಹರಿಯಬಿಡದಿರು ಎಂಬುದು ಅದರ ಭಾವ. ನಾವಾದರೋ ಇದನ್ನು ತಲೆಕೆಳಗು ಮಾಡಿದ್ದೇವೆ. ಮಲಮೂತ್ರಗಳನ್ನು ಗಂಟೆಗಟ್ಟಲೆ ತಡೆಯುತ್ತೇವೆ. ಸಿಟ್ಟನ್ನು ಮಾತ್ರ ಎಡೆಯ ಮುಂದೆಯೇ ಕಾರುತ್ತೇವೆ.

ಇನ್ನು ಉದರವು ಮನಸ್ಸನ್ನು ನಡೆಸುವ ಬಗೆ. ನಮ್ಮ ದೊಡ್ಡ ಕರುಳಿನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸವಾಗಿವೆ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ, 70 ಕಿಲೋ ತೂಕದ ಮನುಷ್ಯನ ಶರೀರದಲ್ಲಿರುವ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿಯೇ ಇವೆ. ಇವು ನಮ್ಮ ಶತ್ರುಗಳಲ್ಲ. ನಮ್ಮಿಂದ ಜೀರ್ಣಿಸಲಾಗದ ನಾರಿನಂಶವನ್ನು ಇವು ಹುದುಗಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಆಹಾರ. ಕರುಳಿನ ಗೋಡೆ ಭದ್ರವಾಗಿರಲು, ಶರೀರದಲ್ಲಿ ಉರಿಯೂತ ಹದ್ದಿನಲ್ಲಿರಲು ಇದು ಅಗತ್ಯ.

ಇದೊಂದು ಬಗೆಯ ದಾಸೋಹವೆಂದೇ ನಾವು ಭಾವಿಸುತ್ತೇವೆ. ನಾವು ಉಂಡ ಅನ್ನದಲ್ಲಿ ಮೊದಲ ಪಂಕ್ತಿ ನಮ್ಮದು, ಕೊನೆಯ ಪಂಕ್ತಿ ಈ ಸೂಕ್ಷ್ಮಜೀವಿಗಳದು. ಜೋಳ, ರಾಗಿ, ನವಣೆ, ಹುರುಳಿ, ಸೊಪ್ಪು, ಹೀರೆ, ಬದನೆಗಳನ್ನು ಉಂಡರೆ ಅವುಗಳ ನಾರು ಕೊನೆಯ ಪಂಕ್ತಿಯವರೆಗೂ ತಲುಪುತ್ತದೆ. ಮೈದಾ, ಸಕ್ಕರೆ, ಪಾಲಿಶ್ ಮಾಡಿದ ಅಕ್ಕಿಗಳನ್ನಷ್ಟೇ ಉಂಡರೆ ಅವು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿಯೇ ಮುಗಿದುಹೋಗಿ ಕೊನೆಯ ಪಂಕ್ತಿಯವರು ಬರಿಯೆಲೆಯ ಮುಂದೆ ಕುಳಿತಿರಬೇಕಾಗುತ್ತದೆ. ಅನಗತ್ಯವಾಗಿ ನುಂಗಿದ ಆ್ಯಂಟಿಬಯೋಟಿಕ್ ಗುಳಿಗೆಗಳು ಆ ಪಂಕ್ತಿಯನ್ನೇ ಎಬ್ಬಿಸಿ ಕಳುಹಿಸಿದಂತೆ. ನೆಗಡಿ ಬಂದೊಡನೆ ಹಿಂದಿನ ವರ್ಷದ ಚೀಟಿಯನ್ನು ಹಿಡಿದು ಅಂಗಡಿಗೆ ಹೋಗುವವರು ಇದನ್ನು ನೆನಪಿಡಬೇಕು.

ಈ ಸೂಕ್ಷ್ಮಜೀವಿಗಳಿಗೂ ಮನಸ್ಸಿಗೂ ಏನು ಸಂಬಂಧ? ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ವಿಜ್ಞಾನಿಗಳು 2004ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಹುಟ್ಟಿನಿಂದಲೇ ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಇಲಿಗಳು ಒತ್ತಡಕ್ಕೆ ಸಿಕ್ಕಿದಾಗ, ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಸಾಧಾರಣ ಇಲಿಗಳಿಗಿಂತ ಮಿಗಿಲಾಗಿ ಏರಿತು. ಎಳವೆಯಲ್ಲಿಯೇ ಹಿತಕರವಾದ ಬ್ಯಾಕ್ಟೀರಿಯ ನೀಡಿದ ಇಲಿಗಳಲ್ಲಿ ಈ ಅತಿರೇಕ ಇಳಿಯಿತು. ಅಂದಿನಿಂದ ಈ ಕ್ಷೇತ್ರದಲ್ಲಿ ಸಂಶೋಧನೆ ಎಡೆಬಿಡದೆ ನಡೆದಿದೆ. ಮನಸ್ಸಿನ ಸ್ಥಿತಿಯೊಡನೆ ಹೆಣೆದುಕೊಂಡಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಶೇಕಡ 90ರಷ್ಟು ಕರುಳಿನಲ್ಲಿಯೇ ಉತ್ಪತ್ತಿಯಾಗುತ್ತದೆಂಬುದು ಈಗ ಅನೇಕರಿಗೆ ತಿಳಿದ ಮಾತು. ಆದರೆ ಅದು ನೇರವಾಗಿ ಮೆದುಳನ್ನು ಸೇರದು. ಕರುಳಿನ ಚಲನೆಯೇ ಅದರ ಮುಖ್ಯ ಕಾಯಕ. ಇದನ್ನು ಮರೆತು 'ಸಂತೋಷ ಹುಟ್ಟುವುದೇ ಕರುಳಿನಲ್ಲಿ' ಎಂದು ಸಾರುವ ಜಾಹೀರಾತುಗಳನ್ನು ನಂಬಬೇಕಾಗಿಲ್ಲ.

ಉತ್ಸಾಹದ ಅತಿಗೆ ಹಳೆಯ ಉದಾಹರಣೆಯೂ ಇದೆ. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಇಲ್ಯಾ ಮೆಚ್ನಿಕೋವ್ ಅವರು, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ಸೇವಿಸುವ ಹುಳಿಹಾಲೇ ಕಾರಣವೆಂದು ನಂಬಿದ್ದರು. ಅದು ನಮ್ಮ ಮೊಸರಿನ ಬಂಧು. ಮೊಸರು, ಮಜ್ಜಿಗೆಗಳು ಹಿತಕರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವು ಮುಪ್ಪನ್ನು ತಡೆಯಲಿಲ್ಲ. ಅದೇ ರೀತಿ ಒಂದು ಲೋಟ ಮಜ್ಜಿಗೆ ಮನೋವ್ಯಾಧಿಯನ್ನು ಕಳೆಯದು.

ಆಹಾರಕ್ಕೆ ಸಲ್ಲಬೇಕಾದ ಗೌರವ ಎಷ್ಟೆಂಬುದನ್ನು ಆಸ್ಟ್ರೇಲಿಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿಕೊಟ್ಟಿತು. ಖಿನ್ನತೆಯಿಂದ ಬಳಲುತ್ತಿದ್ದ 67 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಆಹಾರದ ಮಾರ್ಗದರ್ಶನವನ್ನೂ ಇನ್ನೊಂದು ಗುಂಪಿಗೆ ಅಷ್ಟೇ ಕಾಲ ಸ್ನೇಹದ ಒಡನಾಟವನ್ನೂ ನೀಡಲಾಯಿತು. ಇಡಿಯ ಧಾನ್ಯ, ಕಾಳು, ತರಕಾರಿ, ಹಣ್ಣುಗಳಿಗೆ ಪ್ರಾಧಾನ್ಯ ಕೊಟ್ಟು ಕರಿದ ಮತ್ತು ಸಿಹಿಯಾದ ತಿನಿಸುಗಳನ್ನು ಕಡಿಮೆ ಮಾಡಿದ ಮೊದಲ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಭಾಗದ ಜನರ ಖಿನ್ನತೆ ತಿಳಿಯಾಯಿತು. ಎರಡನೆಯ ಗುಂಪಿನಲ್ಲಿ ಶೇಕಡ 8ರಷ್ಟು ಮಂದಿಯದು ಮಾತ್ರ. ಪರೀಕ್ಷೆ ಚಿಕ್ಕದು, ಅವರಲ್ಲಿ ಹೆಚ್ಚಿನವರು ಇತರ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಆದ್ದರಿಂದ ಆಹಾರವು ಚಿಕಿತ್ಸೆಯ ಒಡನಾಡಿಯೇ ಹೊರತು ಚಿಕಿತ್ಸೆಯ ಬದಲಿಯಲ್ಲ. ಮನೋವೈದ್ಯರು ಕೊಟ್ಟ ಔಷಧವನ್ನು ಯಾರೂ ಈ ಬಗೆಯ ಲೇಖನವನ್ನೋದಿ ನಿಲ್ಲಿಸತಕ್ಕದ್ದಲ್ಲ.

ಶಾಕಾಹಾರಿಗಳಾದ ನಮ್ಮ ಮನೆತನಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದುಂಟು. ನರಗಳ ಪೋಷಣೆಗೆ ಅತ್ಯಗತ್ಯವಾದ ಬಿ-12 ಜೀವಸತ್ವ ಧಾನ್ಯ, ತರಕಾರಿಗಳಲ್ಲಿಲ್ಲ. ನಮಗೆ ಅದು ದೊರೆಯುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಗಳಿಂದ. ದೊರೆತದ್ದು ರಕ್ತಕ್ಕೆ ಸೇರಬೇಕಾದರೆ ಜಠರದ ಆಮ್ಲವೂ, ಜಠರವೇ ಸ್ರವಿಸುವ ಒಂದು ವಿಶೇಷ ಪ್ರೋಟೀನೂ, ಸಣ್ಣ ಕರುಳಿನ ಕೊನೆಯ ಭಾಗವೂ ಸರಿಯಾಗಿರಬೇಕು. ವಯಸ್ಸಾದಂತೆ ಈ ಶಕ್ತಿ ಕುಗ್ಗಬಹುದು. ಆಮ್ಲ ತಗ್ಗಿಸುವ ಮಾತ್ರೆಗಳನ್ನೋ ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ವರ್ಷಗಟ್ಟಲೆ ಸೇವಿಸುವವರಲ್ಲಿಯೂ ಇದು ಕಡಿಮೆಯಾಗುವುದುಂಟು. ಕೊರತೆಯಾದಾಗ ಕೈಕಾಲು ಜೋಮು, ಆಯಾಸ, ಮರೆವು, ಮಂಕುತನ, ಸಿಡುಕು ತೋರುತ್ತವೆ. ಮನೆಯವರು ಅದನ್ನು ಮುಪ್ಪಿನ ಅರಳುಮರಳೆಂದು ತಳ್ಳಿಹಾಕುತ್ತಾರೆ. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದ, ಚುಚ್ಚುಮದ್ದು ಅಥವಾ ಗುಳಿಗೆಯಿಂದ ಸರಿಪಡಿಸಬಹುದಾದ ಕೊರತೆಯನ್ನು ವಿಧಿಯೆಂದು ಬಗೆದು, ಹೆತ್ತವರನ್ನು ಮೂಲೆಗೆ ಕೂರಿಸುವುದು ಸರಿಯೇ? ತಡಮಾಡಿದಲ್ಲಿ ನರಗಳಿಗಾದ ಹಾನಿ ಪೂರ್ತಿಯಾಗಿ ಹಿಂದಿರುಗದೆ ಇರಬಹುದು. ಹಿರಿಯರಿರುವ ಪ್ರತಿ ಮನೆಯವರೂ ವೈದ್ಯರನ್ನು ಈ ಬಗ್ಗೆ ಒಮ್ಮೆ ಕೇಳಬೇಕೆಂಬುದು ನಮ್ಮ ಸೂಚನೆ. ಮಾತ್ರೆಗಳನ್ನು ತಾವಾಗಿಯೇ ಬಿಡುವುದು ಮಾತ್ರ ಬೇಡ.

ಎಲ್ಲ ಹೊಟ್ಟೆನೋವಿಗೂ ಮನಸ್ಸೇ ಕಾರಣವೆನ್ನುವುದೂ ಅಪಾಯಕರ. ಹೊಟ್ಟೆಯ ಹುಣ್ಣಿಗೆ ಚಿಂತೆ ಮತ್ತು ಖಾರವೇ ಮೂಲವೆಂದು ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರೂ ನಂಬಿದ್ದರು. ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಜಠರದಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದರು. ಜನ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅವರು ಅದರ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡು ತೋರಿಸಿದರು. 2005ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಅಲ್ಲಿಯವರೆಗೆ 'ಚಿಂತೆ ಬಿಡಿ' ಎಂಬ ಉಪದೇಶವನ್ನು ಕೇಳುತ್ತ ನರಳಿದ ಅದೆಷ್ಟೋ ರೋಗಿಗಳಿಗೆ ಬೇಕಾಗಿದ್ದುದು ಸರಿಯಾದ ಔಷಧ. ಪರೀಕ್ಷೆಯ ದಿನ ಹೊಟ್ಟೆ ನೋಯುತ್ತದೆಂದು ಅಳುವ ಮಗುವನ್ನು 'ನಾಟಕ' ಎಂದು ಗದರಿಸುವವರೂ ಇದನ್ನು ಗಮನಿಸಬೇಕು. ಭಯದಿಂದ ಬಂದ ನೋವೂ ನಿಜವಾದ ನೋವೇ. ಅದು ಹುಟ್ಟಿದ ದಾರಿ ಬೇರೆ, ಅಷ್ಟೇ.

ಈಗ ನಮ್ಮ ಧರ್ಮದ ಕಡೆಗೆ ಬರೋಣ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಉಣ್ಣುವ ಕ್ರಿಯೆಯನ್ನು ಆಧ್ಯಾತ್ಮಿಕ ಸಾಧನೆಯ ಒಂದು ಮೆಟ್ಟಿಲಾಗಿಯೇ ಎತ್ತಿ ನಿಲ್ಲಿಸಿದ ಪರಂಪರೆ ನಮ್ಮದು. ಅನ್ನವನ್ನು ಇಷ್ಟಲಿಂಗಕ್ಕೆ ಅರ್ಪಿಸಿದ ಬಳಿಕ ಅದು ಬರಿಯ ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ. ಅರ್ಪಿಸುವವನು ಒಂದು ಕ್ಷಣವಾದರೂ ನಿಲ್ಲುತ್ತಾನೆ, ಉಸಿರು ನಿಧಾನವಾಗುತ್ತದೆ, ಹೊರಗಿನ ಗದ್ದಲ ಹಿಂದೆ ಸರಿಯುತ್ತದೆ. ಶಾಂತಸ್ಥಿತಿಯಲ್ಲಿ ಜಠರರಸ ಚೆನ್ನಾಗಿ ಸ್ರವಿಸುತ್ತದೆ, ಉದ್ವೇಗದಲ್ಲಿ ಕರುಳಿನತ್ತ ಹರಿಯುವ ರಕ್ತವೇ ಕುಗ್ಗುತ್ತದೆ ಎಂದು ಶರೀರಶಾಸ್ತ್ರ ಹೇಳುತ್ತದೆ. ಶರಣರು ಅರ್ಪಣೆಯನ್ನು ವಿಧಿಸಿದ್ದು ಜೀರ್ಣಶಕ್ತಿಗಾಗಿ ಎಂದು ನಾವು ಹೇಳುತ್ತಿಲ್ಲ. ಅದರ ಉದ್ದೇಶ ಅದಕ್ಕಿಂತ ದೊಡ್ಡದು. ಆದರೆ ದೇಹಕ್ಕೂ ಅದರಿಂದ ಹಿತವಿದೆ.

ಮಿತಿಯ ಪಾಠಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಪತಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಹಿಂದಿರುಗಿಸಿ ಬನ್ನಿರೆಂದು ಆ ತಾಯಿ ಕಳುಹಿಸಿದರು. ಭಂಡಾರಕ್ಕೆ ಅನ್ವಯಿಸುವ ಈ ನ್ಯಾಯ ಜಠರಕ್ಕೂ ಅನ್ವಯಿಸುತ್ತದೆ. ಆದರೆ ನಮ್ಮ ಮದುವೆಗಳಲ್ಲಿ, ಜಾತ್ರೆಗಳಲ್ಲಿ ನಡೆಯುವುದೇನು? ಕೈ ಅಡ್ಡ ಹಿಡಿದವರ ಎಲೆಗೂ ಮತ್ತೊಂದು ಹೋಳಿಗೆ ಬೀಳುತ್ತದೆ. 'ಪ್ರಸಾದವನ್ನು ಬೇಡವೆನ್ನಬಾರದು' ಎಂಬ ಮಾತಿನಿಂದ ಬಾಯಿ ಮುಚ್ಚಿಸಲಾಗುತ್ತದೆ. ಪ್ರಸಾದವನ್ನು ಕೆಡಿಸಬಾರದೆಂಬ ನಿಯಮ ನಮ್ಮಲ್ಲಿರುವುದರಿಂದ ಉಣ್ಣುವವನು ಸಂಕಟಪಟ್ಟು ನುಂಗುತ್ತಾನೆ. ಕೆಡಿಸಬಾರದೆಂಬ ನಿಯಮದ ಹೊಣೆ ಉಣ್ಣುವವನಿಗೆಷ್ಟೋ ಬಡಿಸುವವನಿಗೂ ಅಷ್ಟೇ. ಕೇಳಿ ಬಡಿಸುವುದೇ ನಿಜವಾದ ದಾಸೋಹ. ಉಪವಾಸದ ದಿನದ ಕಥೆಯೂ ಹೀಗೆಯೇ. ಹೊಟ್ಟೆಗೆ ವಿಶ್ರಾಂತಿ ಕೊಡಬೇಕಾದ ದಿನ ಸಾಬುದಾನಿಯ ವಡೆ, ಕರಿದ ಆಲೂಗಡ್ಡೆ, ಸಿಹಿ ತಿನಿಸುಗಳನ್ನು ಸೇವಿಸಿದರೆ ಅದು ಅಡುಗೆಯ ಬದಲಾವಣೆಯಾಯಿತೇ ವಿನಾ ಉಪವಾಸವಾಗಲಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದನ್ನು ಹೇಳಲೇಬೇಕಾಗಿದೆ. ನಾವು ಬಲ್ಲ ಒಕ್ಕಲುತನದ ಮನೆಯೊಂದರಲ್ಲಿ ಸೊಸೆಗೆ ಬಹುಕಾಲದಿಂದ ಎದೆಯುರಿ, ಹೊಟ್ಟೆಯುಬ್ಬರ, ನಿದ್ರೆ ಬಾರದು. ಮಾತುಮಾತಿಗೆ ಸಿಡುಕುವಳೆಂದು ಮನೆಯಲ್ಲಿ ದೂರು. ಅತ್ತೆಯೇ ಅವಳನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, 'ರಾತ್ರಿ ಎಷ್ಟು ಗಂಟೆಗೆ ಊಟ ಮಾಡುತ್ತೀರಮ್ಮ?' ಸೊಸೆ ಉತ್ತರಿಸಲಿಲ್ಲ. ಅತ್ತೆ ಹೇಳಿದರು: 'ಎಲ್ಲರದೂ ಆದ ಮೇಲೆ, ಹತ್ತೂವರೆಗೆ.' ಹಾಗೆ ಹೇಳುವಾಗಲೇ ತಮಗೆ ಮೊದಲ ಬಾರಿ ಆ ಗಂಟೆ ಕಿವಿಗೆ ಬಿದ್ದಂತಾಯಿತೆಂದು ಆ ಹಿರಿಯಾಕೆ ಆಮೇಲೆ ನಮ್ಮಲ್ಲಿ ಹೇಳಿಕೊಂಡರು. 'ಗುರುಗಳೇ, ನಾನೂ ಮೂವತ್ತು ವರ್ಷ ಹಾಗೆಯೇ ಉಂಡವಳು. ಅದು ತೊಂದರೆಯೆಂದು ನನಗೆ ಹೊಳೆದೇ ಇರಲಿಲ್ಲ.' ಅಂದಿನಿಂದ ಆ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಂಜೆಯೇ ಮುಗಿಯುತ್ತದೆ. ಎಂಟು ಗಂಟೆಯೊಳಗೆ ಎಲ್ಲರೂ ಒಟ್ಟಿಗೆ ಕುಳಿತು ಬೇಕಾದುದನ್ನು ತಾವೇ ಬಡಿಸಿಕೊಳ್ಳುತ್ತಾರೆ. ಸೊಸೆ ಕೆಲವು ವಾರ ಔಷಧವನ್ನೂ ಸೇವಿಸಿದಳು. ಉರಿ ಇಳಿಯಿತು, ನಿದ್ರೆ ಬಂದಿತು. ಸಿಡುಕಿನ ಸ್ವಭಾವವೆಂದು ಅವಳ ಮೇಲೆ ಹೊರಿಸಿದ್ದುದರಲ್ಲಿ ಎಷ್ಟು ಭಾಗ ಸ್ವಭಾವ, ಎಷ್ಟು ಭಾಗ ನಿದ್ದೆಗೇಡು ಎಂಬುದು ಆಗ ಮನೆಯವರಿಗೆ ತಿಳಿಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಜಾತಿಭೇದ, ಲಿಂಗಭೇದಗಳನ್ನು ಅಲ್ಲಗಳೆದ ಶರಣರ ಸಂತಾನವೆಂದು ನಾವು ಹೆಮ್ಮೆಪಡುತ್ತೇವೆ. ಮಠದ ದಾಸೋಹದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವುದನ್ನು ಸಮಾನತೆಯ ಗುರುತೆಂದು ಭಾಷಣಗಳಲ್ಲಿ ಹೊಗಳುತ್ತೇವೆ. ಅದೇ ಭಾಷಣ ಮುಗಿಸಿ ಮನೆಗೆ ಬಂದವನು ಬಿಸಿರೊಟ್ಟಿ ಉಣ್ಣುತ್ತಾನೆ. ಬಡಿದವಳು ತಣ್ಣಗಾದುದನ್ನು ಅಪರಾತ್ರಿಯಲ್ಲಿ ಒಬ್ಬಳೇ ಉಣ್ಣುತ್ತಾಳೆ. ಪಲ್ಯ ಮುಗಿದಿದ್ದರೆ ಅನ್ನ, ಮಜ್ಜಿಗೆ, ಉಪ್ಪಿನಕಾಯಿಯೇ ಗತಿ. ತಡವಾಗಿ ಉಂಡೊಡನೆ ಮಲಗಿದರೆ ಜಠರದ ಆಮ್ಲ ಮೇಲೆ ಬಂದು ಉರಿಯುವುದು ಶರೀರಧರ್ಮ. ಕೊನೆಯ ಪಂಕ್ತಿಗೆ ಏನೂ ಉಳಿಯದ ಮನೆಯನ್ನು ದಾಸೋಹದ ಮನೆಯೆನ್ನಲು ಹೇಗೆ ಸಾಧ್ಯ? ಸಹಪಂಕ್ತಿ ಮೊದಲು ಮನೆಯಲ್ಲಿ ಆರಂಭವಾಗಲಿ.

ನಾಚಿಕೆಯಿಂದ ಬೆಳೆಯುವ ರೋಗಗಳೂ ಉಂಟು. ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ, ಮಲಮೂತ್ರಗಳನ್ನು ತಡೆದು ಕೂರುವ ಶಾಲಾ ಬಾಲಕಿಯರಿದ್ದಾರೆ; ಬಸ್ಸಿನಲ್ಲಿ ಓಡಾಡಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಮಲಬದ್ಧತೆ, ಮೂಲವ್ಯಾಧಿಗಳನ್ನು ವರ್ಷಗಟ್ಟಲೆ ಬಾಯಿಬಿಡದೆ ಸಹಿಸುವ ಹಿರಿಯರಿದ್ದಾರೆ. ದೇಹದ ಈ ಸಹಜ ಕ್ರಿಯೆಗಳ ಮಾತನ್ನು ಮಕ್ಕಳು ತಾಯಿತಂದೆಯರ ಮುಂದೆ ಅಂಜಿಕೆಯಿಲ್ಲದೆ ಆಡುವಂತಿರಬೇಕು. ಊರಿನ ಶಾಲೆಗೆ ಗಡಿಯಾರವನ್ನೋ ಬೀರುವನ್ನೋ ದಾನ ಕೊಡುವ ಭಕ್ತರು ಬಾಲಕಿಯರ ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಮಾಡಿಕೊಟ್ಟರೆ ಅದೂ ಪುಣ್ಯದ ಕಾರ್ಯವೇ.

ನಿತ್ಯಜೀವನದಲ್ಲಿ ಪಾಲಿಸಬೇಕಾದುದು ಕಠಿಣವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಸೂಚನೆಯಂತೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣುಗಳೂ 25 ಗ್ರಾಂ ನಾರಿನಂಶವೂ ಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು, ಸೌತೆಕಾಯಿ, ಅಗಸೆಯ ಚಟ್ನಿ, ಮಜ್ಜಿಗೆ ಇರುವ ನಮ್ಮ ಹಳೆಯ ಊಟದಿಂದ ಇದು ನಿರಾಯಾಸವಾಗಿ ಒದಗುತ್ತದೆ. ನಾರಿನ ಆಹಾರ ರೂಢಿಯಿಲ್ಲದವರು ಒಮ್ಮೆಲೇ ಹೆಚ್ಚಿಸದೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ನೀರನ್ನೂ ಸಾಕಷ್ಟು ಕುಡಿಯಬೇಕು, ಇಲ್ಲವಾದರೆ ಉಬ್ಬರವಾಗುತ್ತದೆ. ರಾತ್ರಿಯ ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆಯ ಅಂತರವಿರಲಿ. ಉಣ್ಣುವಾಗ ಮೊಬೈಲು, ದೂರದರ್ಶನಗಳು ದೂರವಿರಲಿ. ಊಟದ ಹೊತ್ತಿನಲ್ಲಿ ಸಾಲದ ಲೆಕ್ಕ, ಮಕ್ಕಳ ಅಂಕಪಟ್ಟಿ, ದಾಯಾದಿ ವ್ಯಾಜ್ಯಗಳನ್ನು ಎತ್ತುವುದು ಬೇಡ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಊಟವನ್ನೂ ಮಾತನ್ನೂ ಒಂದೇ ಸಾಲಿನಲ್ಲಿರಿಸಿದೆ. ಎರಡೂ ಕೂಡುವುದು ಎಡೆಯ ಮುಂದೆಯೇ ಅಲ್ಲವೇ?

ಕೆಲವು ಲಕ್ಷಣಗಳನ್ನು ಮನೆಮದ್ದಿನಿಂದ ಮುಚ್ಚತಕ್ಕದ್ದಲ್ಲ. ಮಲದಲ್ಲಿ ರಕ್ತ, ಕಪ್ಪು ಮಲ, ರಕ್ತವಾಂತಿ, ನುಂಗಲು ತಡೆ, ಕಾರಣವಿಲ್ಲದೆ ಇಳಿಯುವ ತೂಕ, ನಿದ್ರೆಯಿಂದ ಎಬ್ಬಿಸುವ ನೋವು, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಏರುಪೇರಾದ ಮಲಪ್ರವೃತ್ತಿ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿಗೆ ಹೋಗಬೇಕು. ಎದೆಯಲ್ಲಿ ಬಿಗಿತ, ಬೆವರು, ತೋಳಿಗೋ ದವಡೆಗೋ ಹರಡುವ ನೋವು ಬಂದಾಗ 'ಗ್ಯಾಸ್' ಎಂದುಕೊಂಡು ಸೋಡಾ ಕುಡಿದು ಕಾಯುತ್ತ ಕುಳಿತು ಪ್ರಾಣ ಕಳೆದುಕೊಂಡವರುಂಟು. ಅದು ಹೃದಯಾಘಾತವಿರಬಹುದು, ತಕ್ಷಣ ಆಸ್ಪತ್ರೆ ಸೇರಬೇಕು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿ ಊಟ, ನಿದ್ರೆ, ಕಾಯಕಗಳಲ್ಲಿ ಆಸಕ್ತಿ ಉಳಿಯದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಓದುಗ ಶರಣರಲ್ಲಿ ನಮ್ಮ ಕೋರಿಕೆ ಒಂದೇ. ಈ ಸಂಚಿಕೆ ಕೈಸೇರಿದ ದಿನ ರಾತ್ರಿ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಅವರ ಪಾಲಿಗೆ ಏನು ಉಳಿದಿರುತ್ತದೆ ಎಂಬುದನ್ನು ಗಮನಿಸಿರಿ. ಮರುದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲಿಂಗಾರ್ಪಣೆ ಮಾಡಿ, ಒಟ್ಟಿಗೆ ಪ್ರಸಾದ ಸ್ವೀಕರಿಸಿರಿ. ಶರಣು ಶರಣಾರ್ಥಿ.